ಅಲಾಸ್ಕವೋ, ನಾರ್ವೆಯೋ: ಉತ್ತರದ ಸಮುದ್ರಯಾನಕ್ಕೆ ಹಡಗು ಆರಿಸಿಕೊಳ್ಳುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಮನೆಗಳಲ್ಲಿ ವಿದೇಶ ಪ್ರವಾಸದ ಮಾತು ಬಂದಾಗ ದುಬೈ, ಸಿಂಗಪುರಗಳ ಜೊತೆಗೆ ಈಗ ಉತ್ತರದ ಸಮುದ್ರಯಾನದ ಹೆಸರೂ ಕೇಳಿಬರುತ್ತಿದೆ. ಮಕ್ಕಳು ಅಮೆರಿಕದಲ್ಲೋ ಯುರೋಪಿನಲ್ಲೋ ನೌಕರಿಗಿರುವ ನಿವೃತ್ತ ದಂಪತಿಗಳು, ಏಪ್ರಿಲ್–ಮೇ ತಿಂಗಳ 42 ಡಿಗ್ರಿ ಬಿಸಿಲಿನಿಂದ ಕೆಲವು ದಿನವಾದರೂ ತಪ್ಪಿಸಿಕೊಳ್ಳಬೇಕೆನ್ನುವ ವ್ಯಾಪಾರಸ್ಥ ಕುಟುಂಬಗಳು, ಸಿಂಧನೂರು–ಗಂಗಾವತಿ ಭಾಗದ ಭತ್ತದ ಬೆಳೆಗಾರರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಅಲಾಸ್ಕಕ್ಕೆ ಹೋಗುವುದು ಒಳ್ಳೆಯದೋ, ನಾರ್ವೆಗೆ ಹೋಗುವುದು ಒಳ್ಳೆಯದೋ?

ದೇಶದ ಹೆಸರು ಹಿಡಿದು ಉತ್ತರ ಹುಡುಕುವುದಕ್ಕಿಂತ ಹಡಗಿನ ಬಗೆಯನ್ನು ಹಿಡಿದು ಹುಡುಕುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಮ ಹೊದ್ದ ಬೆಟ್ಟಗಳು, ಅವುಗಳ ನಡುವೆ ಒಳನುಗ್ಗಿದ ಕಡಿದಾದ ಕಡಲ ಕಣಿವೆಗಳು, ಬೇಸಿಗೆಯ ಮುಗಿಯದ ಬೆಳಕು ಎರಡೂ ಕಡೆ ಇವೆ. ಏಳು ರಾತ್ರಿಯ ಯಾನದಲ್ಲಿ ನಾವು ನೆಲಕ್ಕೆ ಕಾಲಿಡುವುದು ಮೂರು ನಾಲ್ಕು ಊರುಗಳಲ್ಲಿ, ಅದೂ ಒಂದೊಂದರಲ್ಲಿ ಕೆಲವೇ ತಾಸು. ಉಳಿದ ಕಾಲವೆಲ್ಲ ಹಡಗಿನ ಮೇಲೆಯೇ ಕಳೆಯುತ್ತದೆ. ಆ ತಾಸುಗಳನ್ನು ಹೇಗೆ ಕಳೆದರೆ ನಿಮ್ಮ ಮನೆಯವರಿಗೆ ಸಂತೋಷವಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ದೇಶ, ತಿಂಗಳು, ಕ್ಯಾಬಿನ್ ಎಲ್ಲವೂ ಅದರ ಹಿಂದೆಯೇ ತಾವಾಗಿ ಇತ್ಯರ್ಥವಾಗುತ್ತವೆ.

ಉತ್ತರದ ನೀರಿನಲ್ಲಿ ಓಡಾಡುವ ಪ್ರಯಾಣಿಕ ಹಡಗುಗಳನ್ನು ಮೂರು ಬಗೆಯಾಗಿ ನೋಡಬಹುದು. ಎರಡು ಮೂರು ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತು ಸಾಗುವ, ರಂಗಮಂದಿರ, ಈಜುಕೊಳ, ಹಲವಾರು ಊಟದ ಮನೆಗಳಿರುವ ದೊಡ್ಡ ಕ್ರೂಸ್ ಹಡಗು ಮೊದಲನೆಯದು. ಅಲಾಸ್ಕಕ್ಕೆ ಹೋಗುವ ಭಾರತೀಯರಲ್ಲಿ ಬಹುಪಾಲು ಜನ ಹತ್ತುವುದು ಇದನ್ನೇ. ಎರಡನೆಯದು ನಾರ್ವೆಯ ಕರಾವಳಿ ಹಡಗು. ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ 1893ರಲ್ಲಿ ಆರಂಭಿಸಿದ ಈ ಸೇವೆಗೆ ಹುರ್ಟಿಗ್ರೂಟೆನ್ ಎಂದು ಹೆಸರು. ಬರ್ಗನ್ ನಗರದಿಂದ ರಷ್ಯಾದ ಗಡಿಗೆ ಹತ್ತಿರವಿರುವ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತ ಸಾಗುವ ಈ ಮಾರ್ಗವನ್ನು 2021ರಿಂದ ಹವಿಲಾ ಎಂಬ ಇನ್ನೊಂದು ಕಂಪನಿಯ ಹಡಗುಗಳೂ ಹಂಚಿಕೊಂಡಿವೆ. ಮೂರನೆಯದು ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳು, ಗ್ರೀನ್‌ಲ್ಯಾಂಡ್ ಕಡೆಯ ಮಂಜುಗಡ್ಡೆಯ ನಡುವೆ ಹೋಗುವ ಸಣ್ಣ ಎಕ್ಸ್‌ಪೆಡಿಷನ್ ಹಡಗು. ಇದರ ಬಗ್ಗೆ ಮುಂದೆ ಚಿಕ್ಕದಾಗಿ ಹೇಳುತ್ತೇನೆ. ಮೊದಲ ಸಲ ಸಮುದ್ರಯಾನ ಮಾಡುವವರಿಗೆ ನಿಜವಾದ ಆಯ್ಕೆ ಇರುವುದು ಮೊದಲ ಎರಡರ ನಡುವೆ.

ದೊಡ್ಡ ಹಡಗು: ಅಲಾಸ್ಕದ ಏಳು ರಾತ್ರಿ

ವ್ಯಾಂಕೂವರ್‌ನಿಂದ ಹೊರಟು ಕೆಚಿಕಾನ್, ಜೂನೋ, ಸ್ಕಾಗ್ವೇ ಬಂದರುಗಳನ್ನು ಮುಟ್ಟಿ, ಒಂದು ಇಡೀ ದಿನ ಹಿಮನದಿಯ ಎದುರು ಕಳೆದು, ಮತ್ತೆ ವ್ಯಾಂಕೂವರ್‌ಗೆ ಬರುವುದು ಈ ಯಾನದ ಸಾಮಾನ್ಯ ರೂಪ. ಬೆಳಿಗ್ಗೆ ಬಫೆ, ನಡುವೆ ತಿಮಿಂಗಿಲ ಮತ್ತು ಹಿಮನದಿಗಳ ಬಗ್ಗೆ ತಜ್ಞರ ಉಪನ್ಯಾಸ, ಸಂಜೆ ಸಂಗೀತ ಅಥವಾ ನಾಟಕ, ರಾತ್ರಿ ದೊಡ್ಡ ಊಟದ ಮನೆಯಲ್ಲಿ ಕುಳಿತು ಬಡಿಸಿಕೊಳ್ಳುವ ಊಟ ಎಂದು ದಿನ ಸಾಗುತ್ತದೆ. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಎಂದು ಮೂರು ತಲೆಮಾರು ಒಟ್ಟಿಗೆ ಹೊರಟಿದ್ದರೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಇನ್ನೊಂದಿಲ್ಲ. ಮೊಮ್ಮಕ್ಕಳಿಗೆ ಆಟದ ಕೋಣೆ ಇರುತ್ತದೆ, ಅಜ್ಜನಿಗೆ ಮೊಣಕಾಲು ನೋವಿದ್ದರೆ ಲಿಫ್ಟ್ ಇರುತ್ತದೆ, ಹಡಗಿನಲ್ಲಿಯೇ ವೈದ್ಯರು ಮತ್ತು ಸಣ್ಣ ಚಿಕಿತ್ಸಾಲಯ ಇರುತ್ತದೆ. ರಾತ್ರಿ ಊಟಕ್ಕೆ ನಿಗದಿತ ಹೊತ್ತು ಮತ್ತು ಮೇಜನ್ನು ಆರಿಸಿಕೊಂಡರೆ ದಿನವೂ ಅದೇ ಬಡಿಸುವವರು ಸಿಗುತ್ತಾರೆ. ಎರಡನೆಯ ದಿನಕ್ಕೆ ಅವರಿಗೆ ನಿಮ್ಮ ಮನೆಯವರ ಊಟದ ರೂಢಿ ತಿಳಿದುಹೋಗಿರುತ್ತದೆ. ಸಸ್ಯಾಹಾರಿಗಳಿಗೆ ಇದು ಚಿಕ್ಕ ವಿಷಯವಲ್ಲ.

ಹಿಮನದಿಯ ದಿನಕ್ಕಾಗಿಯೇ ಅಲಾಸ್ಕವನ್ನು ಆರಿಸಿಕೊಳ್ಳಬಹುದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಬೆಳಿಗ್ಗೆ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ದಿನವಿಡೀ ಧ್ವನಿವರ್ಧಕದಲ್ಲಿ ಎದುರಿಗೆ ಕಾಣುವುದನ್ನು ವಿವರಿಸುತ್ತಾರೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಇಲ್ಲಿಗೆ ಬಂದಾಗ ಕೊಲ್ಲಿಯ ಬಾಯಿಯ ಹತ್ತಿರದವರೆಗೂ ಮಂಜುಗಡ್ಡೆಯೇ ತುಂಬಿತ್ತು. ಆ ಮಂಜು ಇಂದು ಸುಮಾರು 100 ಕಿಲೋಮೀಟರ್ ಹಿಂದೆ ಸರಿದಿದೆ, ಹಡಗು ಸಾಗುವ ನೀರಿನ ದಾರಿಯೆಲ್ಲ ಹಾಗೆ ತೆರೆದುಕೊಂಡದ್ದು. ಕೊನೆಯಲ್ಲಿ ಮಾರ್ಜೆರಿ ಹಿಮನದಿಯ ಎದುರು ಹಡಗು ನಿಂತಾಗ ಡೆಕ್ಕಿನ ಮೇಲೆ ಸೇರಿದ ನೂರಾರು ಜನ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ನೀಲಿ ಬಿಳುಪಿನ ಆ ಗೋಡೆಯಿಂದ ಒಂದು ಚೂರು ಕಳಚಿ ನೀರಿಗೆ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ. ಗುಡುಗಿನಂಥ ಸದ್ದು ಬರುವುದು ಒಂದೆರಡು ಕ್ಷಣ ತಡವಾಗಿ. ಆಮೇಲೆ ಎದ್ದ ಅಲೆ ಮಂಜಿನ ತುಂಡುಗಳನ್ನು ತೂಗುತ್ತ ಹಡಗಿನ ಕಡೆಗೆ ಹರಡುತ್ತದೆ. ಕೆಲವು ಹಡಗುಗಳಲ್ಲಿ ಆ ಹೊತ್ತಿಗೆ ಡೆಕ್ಕಿನ ಮೇಲೆಯೇ ಬಿಸಿ ಬಟಾಣಿ ಸೂಪ್ ಹಂಚುವ ರೂಢಿಯಿದೆ. ಅದರಲ್ಲಿ ಮಾಂಸ ಸೇರಿರುವುದುಂಟು, ಸಸ್ಯಾಹಾರಿಗಳು ಕೇಳಿಯೇ ಬಟ್ಟಲು ಹಿಡಿಯಬೇಕು.

ಎಲ್ಲ ಅಲಾಸ್ಕ ಯಾನಗಳೂ ಗ್ಲೇಸಿಯರ್ ಬೇ ಒಳಗೆ ಹೋಗುವುದಿಲ್ಲ. ಕೆಲವು ಹಡಗುಗಳು ಬದಲಿಗೆ ಹಬ್ಬರ್ಡ್ ಹಿಮನದಿಗೋ ಎಂಡಿಕಾಟ್ ಆರ್ಮ್ ಕಣಿವೆಗೋ ಹೋಗುತ್ತವೆ. ಸುಮಾರು 120 ಕಿಲೋಮೀಟರ್ ಉದ್ದದ ಹಬ್ಬರ್ಡ್ ಕೂಡ ಭವ್ಯವಾದದ್ದೇ, ಆದರೆ ತೇಲುವ ಮಂಜು ಹೆಚ್ಚಿದ್ದ ದಿನ ಹಡಗು ದೂರದಿಂದಲೇ ತಿರುಗಿ ಬರಬೇಕಾಗುತ್ತದೆ. ಹೀಗಾಗಿ ಏಜೆಂಟರು ಕೊಡುವ ಕಾಗದದಲ್ಲಿ ಬರಿದೇ ಹಿಮನದಿ ದರ್ಶನ ಎಂದಿದ್ದರೆ ಯಾವ ಹಿಮನದಿ ಎಂದು ಕೇಳಬೇಕು.

ಎಲ್ಲಿಂದ ಹೊರಡುತ್ತೀರಿ ಎಂಬುದೂ ಮುಖ್ಯ. ಸಿಯಾಟಲ್‌ನಿಂದ ಹೊರಡುವ ಯಾನಗಳು ವಿಮಾನದ ದೃಷ್ಟಿಯಿಂದ ಅನುಕೂಲವೆನಿಸಬಹುದು. ಅಲ್ಲಿ ಮಕ್ಕಳು ಕೆಲಸಕ್ಕಿದ್ದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. ಆದರೆ ಆ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುತ್ತವೆ, ಹಾಗಾಗಿ ಹೊಯ್ದಾಟ ಹೆಚ್ಚು. ವ್ಯಾಂಕೂವರ್‌ನಿಂದ ಹೊರಟ ಹಡಗು ದ್ವೀಪ ಮತ್ತು ನೆಲದ ನಡುವಿನ ಇನ್‌ಸೈಡ್ ಪ್ಯಾಸೇಜ್ ಎಂಬ ಮರೆಯಾದ ದಾರಿಯಲ್ಲಿ ಹೋಗುತ್ತದೆ. ಎರಡೂ ಬದಿಗೆ ಕಾಡು, ಜಲಪಾತ, ನಡುನಡುವೆ ಹದ್ದುಗಳು ಕಾಣುತ್ತವೆ. ಮೊದಲ ಸಲ ಹಡಗು ಹತ್ತುವವರಿಗೆ ನಾನು ವ್ಯಾಂಕೂವರನ್ನೇ ಸೂಚಿಸುತ್ತೇನೆ.

ಇನ್ನು ಕೊರತೆಗಳ ಮಾತು. ಜನಸಂದಣಿ ಇಲ್ಲಿಯ ದೊಡ್ಡ ತೊಂದರೆ. ರಸ್ತೆಯ ಮೂಲಕ ತಲುಪಲು ಆಗದ ಸಣ್ಣ ರಾಜಧಾನಿ ಜೂನೋದಲ್ಲಿ ದಿನಕ್ಕೆ ಐದು ದೊಡ್ಡ ಹಡಗುಗಳಿಗಿಂತ ಹೆಚ್ಚು ಬೇಡವೆಂದು ಊರಿನವರೂ ಕಂಪನಿಗಳೂ 2024ರಿಂದ ಒಪ್ಪಂದ ಮಾಡಿಕೊಳ್ಳಬೇಕಾಯಿತು ಎಂದರೆ ಪೇಟೆಯ ಸ್ಥಿತಿ ಊಹಿಸಿಕೊಳ್ಳಬಹುದು. ಮಳೆಯೂ ಹಾಗೆಯೇ. ಬಳ್ಳಾರಿಯಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾದರೆ ಕೆಚಿಕಾನ್‌ನಲ್ಲಿ ಅದರ ಏಳು ಪಟ್ಟು ಬೀಳುತ್ತದೆ. ಅಲ್ಲಿ ಮಳೆ ಬಂದದ್ದಕ್ಕೆ ಪ್ರವಾಸ ಕೆಟ್ಟಿತೆಂದು ಬೇಸರಪಟ್ಟುಕೊಳ್ಳುವವರು ಅಲಾಸ್ಕಕ್ಕೆ ಹೋಗದಿರುವುದೇ ಒಳ್ಳೆಯದು. ಮೂರನೆಯದು ಮೇಲುಖರ್ಚು. ಟಿಕೆಟ್ಟಿನ ಮೇಲೆ ತಲೆಗೆ ದಿನಕ್ಕೆ ಸುಮಾರು 15ರಿಂದ 20 ಡಾಲರ್ ಟಿಪ್ಸ್ ಸೇರುತ್ತದೆ, ವೈಫೈಗೆ ಬೇರೆ ಹಣ, ಬಂದರಿನಲ್ಲಿ ತಿಮಿಂಗಿಲ ನೋಡುವ ದೋಣಿಗೋ ಹೆಲಿಕಾಪ್ಟರಿಗೋ ಮತ್ತೆ ಬೇರೆ ಹಣ. ಇವುಗಳಲ್ಲಿ ಒಂದನ್ನೇ ಆರಿಸಬೇಕಾದರೆ ಸ್ಕಾಗ್ವೇಯ ವೈಟ್ ಪಾಸ್ ರೈಲನ್ನು ಆರಿಸಿ ಎನ್ನುತ್ತೇನೆ. ಕ್ಲಾಂಡೈಕ್ ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ, ಬೆಟ್ಟ ಕಡಿದು ಹಾಕಿದ ಈ ಕಿರಿದಾದ ಹಳಿಯ ಮೇಲೆ ಕುಳಿತಲ್ಲೇ ಕುಳಿತು ಕಣಿವೆ ನೋಡಬಹುದು, ವಯಸ್ಸಾದವರಿಗೂ ಆಯಾಸವಾಗುವುದಿಲ್ಲ.

ಕರಾವಳಿ ಹಡಗು: ಬರ್ಗನ್‌ನಿಂದ ಕಿರ್ಕೆನೆಸ್

ನಾರ್ವೆಯ ಕರಾವಳಿ ಹಡಗಿನ ಸ್ವಭಾವವನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ: ಅದು ಹಳ್ಳಿ ಹಳ್ಳಿಗೂ ನಿಲ್ಲುವ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಂತೆ. ಪ್ರವಾಸಿಗರು ಇರುತ್ತಾರೆ, ಅವರ ಜೊತೆಗೆ ಮುಂದಿನ ಊರಿನ ಆಸ್ಪತ್ರೆಗೋ ಮದುವೆಗೋ ಹೋಗುವ ಸ್ಥಳೀಯರೂ ಹತ್ತಿ ಇಳಿಯುತ್ತಾರೆ. ಕೆಲವು ಬಂದರುಗಳಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಂತರೆ ಇನ್ನು ಕೆಲವು ಕಡೆ ಮೂರು ನಾಲ್ಕು ತಾಸು ನಿಲ್ಲುತ್ತದೆ, ನಡುರಾತ್ರಿಯಲ್ಲಿಯೂ ನಿಲ್ಲುತ್ತದೆ. ಜೂನ್ ತಿಂಗಳ ರಾತ್ರಿ ಎರಡು ಗಂಟೆಗೆ, ಬೆಳ್ಳಗಿನ ಬೆಳಕಿನಲ್ಲಿ, ಹಡಗಿನ ಪಕ್ಕದ ಬಾಗಿಲು ತೆರೆದುಕೊಂಡು ಫೋರ್ಕ್‌ಲಿಫ್ಟ್ ಒಂದು ದಿನಸಿಯ ಮೂಟೆಗಳನ್ನು ಧಕ್ಕೆಗೆ ಇಳಿಸಿ, ಅಲ್ಲಿದ್ದ ಮೀನಿನ ಪೆಟ್ಟಿಗೆಗಳನ್ನು ಒಳಗೆ ಎಳೆದುಕೊಳ್ಳುವುದನ್ನು ಮೇಲಿನ ಡೆಕ್ಕಿನ ಕಂಬಿಗೆ ಒರಗಿ ನೋಡುತ್ತ ನಿಲ್ಲುವುದರಲ್ಲಿ ನಿಮಗೆ ಖುಷಿ ಸಿಗುತ್ತದೆ ಎನ್ನುವುದಾದರೆ ನಿಮ್ಮ ಹಡಗು ಇದೇ.

ಇಲ್ಲಿ ರಂಗಮಂದಿರವಿಲ್ಲ, ಜಾದೂ ಪ್ರದರ್ಶನವಿಲ್ಲ. ಮುಂಭಾಗದಲ್ಲಿ ದೊಡ್ಡ ಗಾಜಿನ ಕಿಟಕಿಗಳಿರುವ ಕುಳಿತುಕೊಳ್ಳುವ ಕೋಣೆ, ಒಂದೆರಡು ಊಟದ ಮನೆ, ತೆರೆದ ಡೆಕ್, ಕೆಲವು ಹಡಗುಗಳಲ್ಲಿ ಬಿಸಿನೀರಿನ ತೊಟ್ಟಿ, ಇಷ್ಟೇ. ಆದರೆ ಹೊರಗಿನ ನೋಟ ನಿಲ್ಲುವುದೇ ಇಲ್ಲ, ಏಕೆಂದರೆ ಹಡಗು ಬಹುಕಾಲ ದಂಡೆಗೆ ಹತ್ತಿರದಲ್ಲಿ, ದ್ವೀಪಗಳ ನಡುವೆಯೇ ಸಾಗುತ್ತದೆ. 1904ರ ಬೆಂಕಿಯಲ್ಲಿ ಸುಟ್ಟು ಮತ್ತೆ ಒಂದೇ ಶೈಲಿಯಲ್ಲಿ ಕಟ್ಟಿದ ಓಲೆಸುಂಡ್ ಪೇಟೆ, ಹಳೆಯ ಕ್ಯಾಥೆಡ್ರಲ್ ಇರುವ ಟ್ರೋಂಡ್‌ಹೈಮ್, ನೀರಿನಿಂದ ಗೋಡೆಯಂತೆ ಎದ್ದ ಲೋಫೋಟೆನ್ ಬೆಟ್ಟಗಳು, ಟ್ರೋಮ್ಸೋ, ಆಮೇಲೆ ಹೋನಿಂಗ್ಸ್‌ವಾಗ್. ಈ ಕೊನೆಯ ಬಂದರಿನಿಂದ ಬಸ್ಸಿನಲ್ಲಿ ಹೋದರೆ 307 ಮೀಟರ್ ಎತ್ತರದ ನಾರ್ತ್ ಕೇಪ್ ಬಂಡೆಯ ತುದಿ ಸಿಗುತ್ತದೆ. ಆರ್ಕ್‌ಟಿಕ್ ವೃತ್ತವನ್ನು ದಾಟುವಾಗ ಒಂದು ಪುಟ್ಟ ದ್ವೀಪದ ಮೇಲಿನ ಗೋಳಾಕಾರದ ಗುರುತು ಕಾಣುತ್ತದೆ. ದಾಟಿದ ಮೇಲೆ ಡೆಕ್ಕಿನಲ್ಲಿ ಇಷ್ಟಪಟ್ಟವರ ಕುತ್ತಿಗೆಯ ಹಿಂದೆ ಅಂಗಿಯೊಳಗೆ ಸೌಟಿನಿಂದ ಮಂಜುಗಡ್ಡೆಯ ನೀರು ಸುರಿಯುವ ಸಂಭ್ರಮವಿರುತ್ತದೆ. ಮಕ್ಕಳಿಗಿಂತ ದೊಡ್ಡವರೇ ಅದಕ್ಕೆ ಮುಗಿಬೀಳುತ್ತಾರೆ.

ಬರ್ಗನ್‌ನಿಂದ ಕಿರ್ಕೆನೆಸ್‌ಗೆ ಹೋಗಲು ಆರು ರಾತ್ರಿ ಹಿಡಿಯುತ್ತದೆ, ಹೋಗಿ ಬರುವುದಾದರೆ ಒಟ್ಟು ಹನ್ನೆರಡು ದಿನ. ಉತ್ತರಕ್ಕೆ ಹೋಗುವಾಗ ರಾತ್ರಿ ದಾಟಿದ ಊರುಗಳನ್ನು ಮರಳುವಾಗ ಹಗಲಿನಲ್ಲಿ ದಾಟುವಂತೆ ವೇಳಾಪಟ್ಟಿ ಇರುವುದರಿಂದ ಪೂರ್ತಿ ಯಾನ ಮಾಡಿದವರಿಗೆ ಕರಾವಳಿ ಪೂರ್ತಿ ಕಾಣುತ್ತದೆ. ಆದರೂ ರಜೆ ಕಡಿಮೆ ಇದ್ದರೆ ಉತ್ತರದ ಪ್ರಯಾಣವೊಂದನ್ನೇ ಮಾಡಿ ಕಿರ್ಕೆನೆಸ್‌ನಿಂದ ಓಸ್ಲೋಗೆ ವಿಮಾನದಲ್ಲಿ ಮರಳಬಹುದು. ದಿನದಿಂದ ದಿನಕ್ಕೆ ಮರಗಳು ಕುಳ್ಳಾಗುತ್ತ, ಕೊನೆಗೆ ಮರಗಳೇ ಇಲ್ಲದ ನೆಲ ಬರುವುದನ್ನು ನೋಡುವ ಸುಖ ಆ ದಿಕ್ಕಿನಲ್ಲಿಯೇ ಹೆಚ್ಚು.

ಹವಿಲಾದ ಹಡಗುಗಳು ಹೊಸವು. ಅವುಗಳಲ್ಲಿ 6.1 ಮೆಗಾವಾಟ್ ಅವರ್ ಸಾಮರ್ಥ್ಯದ ಬ್ಯಾಟರಿಗಳಿದ್ದು ನಾಲ್ಕು ತಾಸಿನವರೆಗೆ ಎಂಜಿನ್ನಿನ ಸದ್ದಿಲ್ಲದೆ ಸಾಗಬಲ್ಲವು. ಹುರ್ಟಿಗ್ರೂಟೆನ್ ಹಡಗುಗಳಲ್ಲಿ ವಯಸ್ಸಿನಲ್ಲಿಯೂ ಗಾತ್ರದಲ್ಲಿಯೂ ವ್ಯತ್ಯಾಸವಿದೆ, ಆದ್ದರಿಂದ ಕಂಪನಿಯ ಹೆಸರಷ್ಟೇ ಸಾಲದು, ಹಡಗಿನ ಹೆಸರನ್ನೂ ಕೇಳಿ ತಿಳಿಯಬೇಕು. ಇನ್ನೊಂದು ಗಂಭೀರವಾದ ವಿಷಯ: ಈ ಕರಾವಳಿ ಹಡಗುಗಳಲ್ಲಿ ದೊಡ್ಡ ಕ್ರೂಸ್‌ನಂತೆ ವೈದ್ಯರು ಇರುವುದಿಲ್ಲ, ತುರ್ತು ಬಂದರೆ ಮುಂದಿನ ಬಂದರಿನ ಆಸ್ಪತ್ರೆಯನ್ನೇ ನೆಚ್ಚಬೇಕು. ಹೃದಯದ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವ ತಂದೆ ತಾಯಿಯರನ್ನು ಕರೆದೊಯ್ಯುವವರು ತಮ್ಮ ವೈದ್ಯರೊಡನೆ ಮಾತಾಡದೆ ಇದನ್ನು ಆರಿಸಿಕೊಳ್ಳಬಾರದು.

ನಾರ್ವೆಯನ್ನು ದೊಡ್ಡ ಹಡಗಿನಲ್ಲಿಯೂ ನೋಡಬಹುದು. ಕೋಪನ್‌ಹೇಗನ್, ಕೀಲ್, ಹ್ಯಾಂಬರ್ಗ್, ಸೌತಾಂಪ್ಟನ್‌ಗಳಿಂದ ಹೊರಡುವ ಏಳು ರಾತ್ರಿಯ ಯಾನಗಳು ಗೈರಾಂಗರ್, ಫ್ಲೋಮ್, ಓಲೆಸುಂಡ್‌ಗಳಿಗೆ ಹೋಗುತ್ತವೆ, ಆರ್ಕ್‌ಟಿಕ್ ವೃತ್ತದವರೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಗೈರಾಂಗರ್ ಮತ್ತು ನೇರೋಯ್ ಎಂಬ ಫ್ಯೋರ್ಡ್‌ಗಳು, ಅಂದರೆ ಕಡಿದಾದ ಕಡಲ ಕಣಿವೆಗಳು, 2005ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹೊಗೆ ಉಗುಳುವ ಹಡಗುಗಳನ್ನು ಅಲ್ಲಿಂದ ಹೊರಗಿಡಲು ನಾರ್ವೆ ನಿಯಮ ತಂದಿದ್ದು, 10,000 ಟನ್ನಿಗಿಂತ ಸಣ್ಣ ಪ್ರಯಾಣಿಕ ಹಡಗುಗಳಿಗೆ 2026ರಿಂದ, ದೊಡ್ಡವಕ್ಕೆ 2032ರಿಂದ ಅದು ಅನ್ವಯಿಸುತ್ತದೆ. ಒಂದು ಎಚ್ಚರಿಕೆ: ಸೌತಾಂಪ್ಟನ್‌ನಿಂದ ಹೊರಡುವ ಯಾನ ಅಗ್ಗವೆಂದು ಕಂಡರೂ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಜೊತೆಗೆ ಬ್ರಿಟನ್ ವೀಸಾ ಕೂಡ ಬೇಕಾಗುತ್ತದೆ, ಮೇಲಾಗಿ ಉತ್ತರ ಸಮುದ್ರವನ್ನು ದಾಟುವಾಗ ಅಲೆಯ ಹೊಡೆತ ಜೋರಾಗಿರಬಹುದು.

ಸ್ವಾಲ್‌ಬಾರ್ಡ್‌ನ ಸಣ್ಣ ಹಡಗುಗಳ ವಿಷಯ ಬೇರೆಯೇ. 78 ಡಿಗ್ರಿ ಅಕ್ಷಾಂಶದ ಆ ದ್ವೀಪಗಳಲ್ಲಿ, ನ್ಯೂ ಓಲೆಸುಂಡ್ ಎಂಬಲ್ಲಿ, ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. 2025ರಿಂದ ಅಲ್ಲಿಯ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗುಗಳನ್ನು ಬಿಡುವುದಿಲ್ಲ. ರಬ್ಬರ್ ದೋಣಿಗೆ ಇಳಿದು ಹತ್ತಬೇಕು, ನೀರಿನಲ್ಲಿ ಕಾಲಿಡಬೇಕು, ಹಿಮಕರಡಿ ಕಂಡರೆ ದಿನದ ಯೋಜನೆಯೇ ಬದಲಾಗುತ್ತದೆ. ಕಾಲಿನಲ್ಲಿ ಶಕ್ತಿಯಿದ್ದು ಕೈಯಲ್ಲಿ ಸಾಕಷ್ಟು ಹಣವಿದ್ದವರು ಎರಡನೆಯ ಅಥವಾ ಮೂರನೆಯ ಯಾನಕ್ಕೆ ಇದನ್ನು ಇಟ್ಟುಕೊಳ್ಳಬಹುದು.

ಯಾವ ತಿಂಗಳು

ಮಧ್ಯರಾತ್ರಿಯ ಸೂರ್ಯ ಮತ್ತು ಆಕಾಶದ ಹಸಿರು ಬೆಳಕು ಎರಡನ್ನೂ ಒಂದೇ ಪ್ರವಾಸದಲ್ಲಿ ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ ಬನ್ನಿ. ನಾರ್ತ್ ಕೇಪ್‌ನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದಿಲ್ಲ. ಕತ್ತಲೆಯೇ ಇಲ್ಲದ ಆಕಾಶದಲ್ಲಿ ಅರೋರಾ ಕಾಣಲು ಸಾಧ್ಯವಿಲ್ಲ. ಅದಕ್ಕೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ರಾತ್ರಿಗಳು ಬೇಕು, ಆಗ ಸಮುದ್ರವೂ ಒರಟು, ಹಗಲೂ ಚಿಕ್ಕದು.

ನಮ್ಮ ಶಾಲೆಗಳ ಬೇಸಿಗೆ ರಜೆಗೆ ಮೇ ಹೊಂದುತ್ತದೆ. ಆಗ್ನೇಯ ಅಲಾಸ್ಕದಲ್ಲಿ ಮೇ ತುಲನೆಯಲ್ಲಿ ಒಣ ತಿಂಗಳು, ಬೆಟ್ಟಗಳ ಮೇಲೆ ಹಿಮ ಇನ್ನೂ ಉಳಿದಿರುತ್ತದೆ, ದರವೂ ಜುಲೈಗಿಂತ ಸಾಮಾನ್ಯವಾಗಿ ಕಡಿಮೆ. ತಿಮಿಂಗಿಲಗಳನ್ನು ಹೆಚ್ಚು ಕಾಣಬೇಕು, ಹೊಳೆಗೆ ಬಂದ ಸಾಲ್ಮನ್ ಮೀನಿಗಾಗಿ ಕರಡಿಗಳು ಕಾಯುವುದನ್ನು ನೋಡಬೇಕು ಎನ್ನುವವರಿಗೆ ಜುಲೈ–ಆಗಸ್ಟ್ ಸೂಕ್ತ. ನಾರ್ವೆಗೆ ಮೇ ಕೊನೆಯಿಂದ ಜೂನ್ ಮಧ್ಯದವರೆಗಿನ ಕಾಲ ನನ್ನ ಮೆಚ್ಚಿನದು: ಹಿಮ ಕರಗಿ ಫ್ಯೋರ್ಡ್‌ಗಳ ಜಲಪಾತಗಳು ತುಂಬಿ ಧುಮುಕುತ್ತಿರುತ್ತವೆ, ಆಗಸ್ಟಿಗೆ ಅವುಗಳಲ್ಲಿ ಹಲವು ದಾರದ ಎಳೆಯಂತೆ ತೆಳುವಾಗಿಬಿಡುತ್ತವೆ. ಕಾಲುವೆಗೆ ನೀರು ಬಿಟ್ಟು ನಾಟಿ ಆರಂಭವಾಗುವ ಮೊದಲೇ ಊರಿಗೆ ಮರಳಬೇಕಾದ ಬೆಳೆಗಾರ ಕುಟುಂಬಗಳಿಗೂ ಈ ಕಾಲ ಒಗ್ಗುತ್ತದೆ. ಸೂರ್ಯ ಮುಳುಗುವುದನ್ನು ನೋಡಿ ಸಂಜೆಯ ದೀಪ, ನಮಾಜ್ ಅಥವಾ ಉಪವಾಸ ನಡೆಸುವವರು ಅಲ್ಲಿ ಗಡಿಯಾರದ ಪ್ರಕಾರ ನಡೆಯಲು ಮೊದಲೇ ಹಿರಿಯರನ್ನು ಕೇಳಿ ನಿಶ್ಚಯಿಸಿಕೊಂಡಿರಬೇಕು.

ಕ್ಯಾಬಿನ್

ಬಾಲ್ಕನಿ ಇಲ್ಲದಿದ್ದರೆ ಏನೂ ಕಾಣುವುದಿಲ್ಲ ಎಂದು ಏಜೆಂಟರು ಹೆದರಿಸುವುದುಂಟು. ಅಲಾಸ್ಕದಲ್ಲಿ ಬಾಲ್ಕನಿ ಸುಖಕರ ಎಂಬುದು ನಿಜ. ಬೆಳಿಗ್ಗೆ ಶಾಲು ಹೊದ್ದು ಚಹಾ ಹಿಡಿದು ಕುಳಿತಾಗ ತಿಮಿಂಗಿಲದ ಉಸಿರಿನ ನೀರು ಚಿಮ್ಮುವುದು ಕಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಹಿಮನದಿಯ ಎದುರು ಎಲ್ಲರಿಗೂ ಕಾಣಲೆಂದು ಹಡಗು ನಿಧಾನವಾಗಿ ಪೂರ್ತಿ ತಿರುಗುತ್ತದೆ, ಉತ್ತಮ ನೋಟ ಸಿಗುವುದು ತೆರೆದ ಡೆಕ್ಕಿನಿಂದಲೇ. ಬಾಲ್ಕನಿಯ ಹಣ ಉಳಿಸಿ ವೈಟ್ ಪಾಸ್ ರೈಲಿಗೂ ತಿಮಿಂಗಿಲದ ದೋಣಿಗೂ ಹಾಕಿದವರು ಕಳೆದುಕೊಳ್ಳುವುದು ಕಡಿಮೆ. ಕರಾವಳಿ ಹಡಗಿನಲ್ಲಂತೂ ಕಿಟಕಿಯಿಲ್ಲದ ಒಳಕೋಣೆಯೇ ಸಾಕು ಎನ್ನುತ್ತೇನೆ, ಏಕೆಂದರೆ ಮಧ್ಯರಾತ್ರಿಯ ಬೆಳಕಿನಲ್ಲಿ ನಿದ್ರೆ ಬಾರದೆ ಒದ್ದಾಡುವವರಿಗೆ ಕತ್ತಲೆಯ ಕೋಣೆ ವರವಾಗುತ್ತದೆ. ಎಚ್ಚರವಿದ್ದಾಗ ಹೇಗೂ ಮೇಲಿನ ಗಾಜಿನ ಕೋಣೆಯಲ್ಲಿರುತ್ತೀರಿ.

ಹೊಟ್ಟೆ ತೊಳೆಸುವ ಭಯವಿದ್ದರೆ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಿ. ಮೇಲಿನ ಅಂತಸ್ತಿನ ಮುಂದಿನ ತುದಿಯಲ್ಲಿ ತೂಗಾಟ ಹೆಚ್ಚು. ಗ್ಯಾರಂಟಿ ಕ್ಯಾಬಿನ್ ಎಂದು ಅಗ್ಗದಲ್ಲಿ ಕೊಡುವುದರಲ್ಲಿ ಕೋಣೆಯ ಜಾಗವನ್ನು ಕಂಪನಿಯೇ ಗೊತ್ತುಮಾಡುತ್ತದೆ, ಹಾಗಾಗಿ ವಯಸ್ಸಾದವರಿಗೆ ಅದು ಬೇಡ. ಆನೆಗುಂದಿಯ ಹರಿಗೋಲನ್ನು ಬಿಟ್ಟರೆ ನೀರಿನ ಮೇಲೆ ಪ್ರಯಾಣವನ್ನೇ ಮಾಡದವರು ಮೊದಲು ಮುಂಬೈಯಿಂದಲೋ ಗೋವಾದಿಂದಲೋ ಹೊರಡುವ ಎರಡು ಮೂರು ರಾತ್ರಿಯ ದೇಶೀಯ ಕ್ರೂಸ್ ಮಾಡಿ ನೋಡುವುದು ಒಳ್ಳೆಯದು. ಲಕ್ಷಗಟ್ಟಲೆ ಹಣ ಹಾಕುವ ಮೊದಲು ಮೈಗೆ ಸಮುದ್ರ ಒಗ್ಗುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಊಟ ಮತ್ತು ಸಾಮಾನು

ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಗೋವಾ, ಮುಂಬೈ, ಕೇರಳ ಕಡೆಯ ಬಾಣಸಿಗರು ಇರುವುದು ಸಾಮಾನ್ಯ. ಬುಕಿಂಗ್ ಮಾಡುವಾಗಲೇ ಸಸ್ಯಾಹಾರ ಅಥವಾ ಜೈನ ಆಹಾರ ಎಂದು ಬರೆಸಿ, ಹಡಗು ಹತ್ತಿದ ಸಂಜೆ ಊಟದ ಮನೆಯ ಮೇಲ್ವಿಚಾರಕರನ್ನು ಕಂಡು ಮಾತಾಡಿದರೆ ಬೇಳೆ, ಅನ್ನ, ಪಲ್ಯ ದಿನವೂ ಬರುತ್ತದೆ. ಕರಾವಳಿ ಹಡಗಿನಲ್ಲಿ ಊಟ ಆಯಾ ಊರಿನ ಮೀನು, ಮಾಂಸ, ಗೆಡ್ಡೆಗಳನ್ನು ಅವಲಂಬಿಸಿರುತ್ತದೆ. ಸಸ್ಯಾಹಾರ ಕೊಡುತ್ತಾರೆ, ಆದರೆ ಖಾರ, ಒಗ್ಗರಣೆಗಳ ಆಸೆ ಬೇಡ. ಸೂಪ್ ಮೀನಿನ ಸಾರಿನಲ್ಲಿ ಮಾಡಿದ್ದೋ ಎಂದು ಕೇಳಬೇಕು. ಬ್ರೆಡ್, ಬೆಣ್ಣೆ, ಆಲೂಗಡ್ಡೆ, ಸಕ್ಕರೆ ಹಾಕದ ಮೊಸರು ಸಿಗುವುದರಿಂದ ಹೊಟ್ಟೆಗೆ ಕಷ್ಟವಾಗದು.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವು ಕೆಡದ ಪದಾರ್ಥಗಳು, ಗಟ್ಟಿಯಾಗಿ ಪ್ಯಾಕ್ ಮಾಡಿ ಒಯ್ಯಬಹುದು. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ಹೇಳಬೇಕು. ನಾರ್ವೆಗೆ ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ, ಆದ್ದರಿಂದ ಪೇಡೆ, ತುಪ್ಪ ಮನೆಯಲ್ಲಿಯೇ ಇರಲಿ. ಅಲಾಸ್ಕದಲ್ಲಿ ಹಡಗಿನ ಹಣ್ಣನ್ನು ಬಂದರಿಗೆ ಇಳಿಸಬಾರದು. ಕ್ಯಾಬಿನ್ನಿನಲ್ಲಿ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ನಿಷಿದ್ಧ. ದೀಪ, ಕರ್ಪೂರ, ಊದುಬತ್ತಿ ಹಚ್ಚುವುದಂತೂ ಕೂಡದು, ಹೊಗೆಯ ಅಲಾರಂ ಕೂಗಿದರೆ ಇಡೀ ಹಡಗು ಎಚ್ಚೆತ್ತುಕೊಳ್ಳುತ್ತದೆ. ನಿತ್ಯಪೂಜೆಯವರು ಹೂವಿಲ್ಲದ, ಬೆಂಕಿಯಿಲ್ಲದ ಮಾನಸಪೂಜೆಗೆ ಮನಸ್ಸು ಸಿದ್ಧಮಾಡಿಕೊಂಡು ಹೊರಡಬೇಕು. ಬಟ್ಟೆಯ ವಿಷಯದಲ್ಲಿ ಒಂದೇ ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕುವ ಮೂರು ಪದರ ಮೇಲು, ಹೊರಗಿನದು ಗಾಳಿ ಮಳೆ ತಡೆಯುವಂಥದ್ದು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಬರುವ ಟಿಬೆಟಿಯನ್ನರ ಅಂಗಡಿಗಳಲ್ಲಿ ಸ್ವೆಟರ್, ಟೋಪಿ, ಕೈಗವಸು ಕೊಂಡಿಟ್ಟುಕೊಂಡರೆ ಮೇ ತಿಂಗಳಲ್ಲಿ ಹುಡುಕಾಡುವುದು ತಪ್ಪುತ್ತದೆ.

ವೀಸಾ, ವಿಮಾನ, ಹಣ

ಕಾಗದಪತ್ರದ ದೃಷ್ಟಿಯಿಂದ ನಾರ್ವೆ ಸುಲಭ. ಒಂದು ಷೆಂಗೆನ್ ವೀಸಾ ಸಾಕು. ಆರು ತಿಂಗಳು ಮೊದಲೇ ಬೆಂಗಳೂರಿನಲ್ಲಿ ಅರ್ಜಿ ಕೊಡಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಸ್ವಾಲ್‌ಬಾರ್ಡ್ ಷೆಂಗೆನ್‌ನ ಹೊರಗಿರುವುದರಿಂದ ಅಲ್ಲಿಗೆ ಎರಡು ಸಲ ಪ್ರವೇಶವಿರುವ ವೀಸಾ ಬೇಕು. ಅಲಾಸ್ಕಕ್ಕೆ ಅಮೆರಿಕದ ವೀಸಾ ಮತ್ತು ಕೆನಡಾದ ವೀಸಾ ಎರಡೂ ಬೇಕು. ಸಿಯಾಟಲ್‌ನಿಂದ ಹೊರಟರೂ ಕೆನಡಾ ತಪ್ಪುವುದಿಲ್ಲ: ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವಾಗ ನಡುವೆ ಪರದೇಶದ ಒಂದು ಬಂದರನ್ನು ಮುಟ್ಟಲೇಬೇಕೆಂಬ 1886ರ ಕಾಯ್ದೆ ಇರುವುದರಿಂದ ಅವೆಲ್ಲ ಕೆನಡಾದ ಒಂದು ಬಂದರಿನಲ್ಲಿ, ಸಾಮಾನ್ಯವಾಗಿ ವಿಕ್ಟೋರಿಯಾದಲ್ಲಿ, ನಿಲ್ಲುತ್ತವೆ. ಅಮೆರಿಕದ ವೀಸಾ ಸಂದರ್ಶನಕ್ಕೆ ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಮಕ್ಕಳನ್ನು ನೋಡಲು ಹೋಗಿಬಂದು ಹತ್ತು ವರ್ಷದ ಅಮೆರಿಕ ವೀಸಾ ಈಗಾಗಲೇ ಇರುವವರಿಗೆ ಅರ್ಧ ಕೆಲಸ ಮುಗಿದಂತೆಯೇ, ಅಂಥವರು ಅಲಾಸ್ಕವನ್ನು ಮೊದಲು ಪರಿಗಣಿಸಬಹುದು.

ಪ್ರಯಾಣದ ಆಯಾಸವೂ ಬೇರೆ ಬೇರೆ. ಬೇಸಿಗೆಯಲ್ಲಿ ನಾರ್ವೆ ನಮಗಿಂತ ಮೂರೂವರೆ ತಾಸು ಹಿಂದೆ, ಅಲಾಸ್ಕ ಹದಿಮೂರೂವರೆ ತಾಸು ಹಿಂದೆ. ಎರಡನೆಯದಕ್ಕೆ ಮೈ ಹೊಂದಿಕೊಳ್ಳಲು ದಿನಗಳೇ ಬೇಕು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಂಗಳೂರು ಸೇರಿ ಅದೇ ದಿನ ವಿಮಾನ ಹಿಡಿದು, ಇಳಿದ ದಿನವೇ ಹಡಗು ಹತ್ತುವ ಯೋಜನೆಯನ್ನು ಯಾರೂ ಮಾಡಬಾರದು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಆದ್ದರಿಂದ ಒಂದು ದಿನ, ಅಲಾಸ್ಕಕ್ಕಾದರೆ ಎರಡು ದಿನ, ಮುಂಚೆ ತಲುಪಬೇಕು. ಪ್ಯಾಕೇಜ್ ಕೊಳ್ಳುವಾಗ ಹಿಡಿಯುವ ಟಿಸಿಎಸ್ ತೆರಿಗೆಯನ್ನು ವರ್ಷದ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೂ ಆ ಹಣ ಮೊದಲು ಕೈಯಿಂದ ಹೋಗುವುದರಿಂದ ಲೆಕ್ಕದಲ್ಲಿ ಸೇರಿಸಿಕೊಂಡಿರಬೇಕು.

ಮೂರು ತಲೆಮಾರಿನ ಕುಟುಂಬ, ಆರೋಗ್ಯದಲ್ಲಿ ಏರುಪೇರಿರುವ ಹಿರಿಯರು, ಊಟದಲ್ಲಿ ಕಟ್ಟುನಿಟ್ಟು ಇರುವವರು, ಸಂಜೆಯಾದರೆ ಜನ ಮತ್ತು ಮನರಂಜನೆ ಬೇಕೆನ್ನುವವರು ವ್ಯಾಂಕೂವರ್‌ನಿಂದ ಗ್ಲೇಸಿಯರ್ ಬೇಗೆ ಹೋಗುವ ದೊಡ್ಡ ಹಡಗನ್ನು ಕಣ್ಣುಮುಚ್ಚಿ ಆರಿಸಬಹುದು. ಇಬ್ಬರೇ ಹೊರಟ ದಂಪತಿಗಳಿಗೆ, ಗೆಳೆಯರ ಸಣ್ಣ ಗುಂಪಿಗೆ, ನಿವೃತ್ತ ಶಿಕ್ಷಕರಿಗೆ, ಕಿಟಕಿಯ ಬಳಿ ಕುಳಿತರೆ ಹೊತ್ತು ಹೋದದ್ದೇ ತಿಳಿಯದ ಸ್ವಭಾವದವರಿಗೆ ನಾನು ಜೂನ್ ತಿಂಗಳ ಬರ್ಗನ್–ಕಿರ್ಕೆನೆಸ್ ಯಾನವನ್ನೇ ಹೇಳುತ್ತೇನೆ. ಮತ್ತೆ ಅವಕಾಶ ಸಿಕ್ಕರೆ ನಾನು ಹತ್ತಲು ಬಯಸುವುದೂ ಆ ಹಡಗನ್ನೇ. ಎರಡರಲ್ಲಿ ಯಾವುದಕ್ಕಾದರೂ ಮುಂಗಡ ಕಟ್ಟುವ ಮೊದಲು ಏಜೆಂಟರಿಂದ ಹಡಗಿನ ಹೆಸರು, ಕ್ಯಾಬಿನ್ನಿನ ಸಂಖ್ಯೆ ಮತ್ತು ಅಂತಸ್ತು, ಕಿಟಕಿಗೆ ಲೈಫ್‌ಬೋಟ್ ಅಡ್ಡ ಬರುತ್ತದೆಯೇ ಎಂಬುದು, ಪ್ರತಿ ಬಂದರಿನಲ್ಲಿ ನಿಲ್ಲುವ ತಾಸುಗಳು, ಹಡಗು ನೇರ ಧಕ್ಕೆಗೆ ಹತ್ತುತ್ತದೆಯೋ ಸಣ್ಣ ದೋಣಿಯಲ್ಲಿ ಇಳಿಯಬೇಕೋ ಎಂಬುದು, ಟಿಪ್ಸ್ ಮತ್ತು ಬಂದರು ತೆರಿಗೆ ಸೇರಿದ ಒಟ್ಟು ಮೊತ್ತ, ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್ಸು ಬರುತ್ತದೆ ಎಂಬುದು, ಇಷ್ಟನ್ನೂ ಬರಹದಲ್ಲಿ ಪಡೆದುಕೊಳ್ಳಿ.